ದುರ್ಬೀನು ತಂದಾಯಿತು, ಅದರ ಸಾಮಾನು?

ಹೋದ ತಿಂಗಳು ನಮ್ಮ ಶಾಲೆಯ ಪಾಲಕರ ಸಭೆಯಲ್ಲಿ ಒಂದು ಸಣ್ಣ ಜಗಳವಾಯಿತು. ದೊಡ್ಡದೇನಲ್ಲ, ಬಸಿಯಲ್ಲಿನ ಚಹಾ ಆರುವಷ್ಟು ಹೊತ್ತಿನದು. ಹಳೆಯ ವಿದ್ಯಾರ್ಥಿಗಳು ಮತ್ತು ಪಾಲಕರು ಸೇರಿ ಶಾಲೆಗೆ ಒಂದು ದುರ್ಬೀನು ಕೊಡಿಸಬೇಕೆಂದು ರೊಕ್ಕ ಕೂಡಿಸಿದ್ದಾರೆ. ಲೋಹಾರಾದಂಥ ಊರಿನಲ್ಲಿ, ಅದೂ ಗಡಿಯಾಚೆಯ ಕನ್ನಡ ಶಾಲೆಗೆ, ಇದು ಸಣ್ಣ ಮಾತಲ್ಲ. ಕೆಲವರು ಕಬ್ಬು ಕಡಿಯಲು ಹೋಗಿ ಬಂದ ದುಡ್ಡಿನಲ್ಲಿ ನೂರು ರೂಪಾಯಿ ಎತ್ತಿಟ್ಟಿದ್ದಾರೆ.

ಜಗಳ ಯಾವುದಕ್ಕೆ ಅಂದರೆ, ಕೂಡಿದ ಹಣವನ್ನೆಲ್ಲ ಹಾಕಿ ಎಂಟು ಇಂಚಿನ ದೊಡ್ಡ ದುರ್ಬೀನು ತರಬೇಕು ಅಂತ ಸಭೆ. ಐದು ಇಂಚಿನದು ಸಾಕು, ಮೂರರಲ್ಲಿ ಒಂದು ಪಾಲು ಹಣವನ್ನು ಅದರ ಜೊತೆಯ ಸಾಮಾನಿಗೆ ಇಡಬೇಕು ಅಂತ ನಾನು. ಆಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯ ಗೌಡರೊಬ್ಬರು ಎದ್ದು ಹೇಳಿದರು:

"ಗುರುಗಳ, ಒಳ್ಳೇ ಎತ್ತು ತರೂದು ಬಿಟ್ಟು ನೀವು ಹಗ್ಗ, ಗೆಜ್ಜಿ, ಬಾರಕೋಲಿಗೆ ರೊಕ್ಕ ಇಡಾಕತ್ತೀರಲ್ರಿ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದ ಮೇಲೆ ಹೊಳೆಯಿತು, ಅದೂ ಇತಿಹಾಸದ ಪುಸ್ತಕಗಳಿಂದ. ಗೌಡರಿಗೆ ಕೊಡಬೇಕಾದ ಉತ್ತರವನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಸ್ವಲ್ಪ ಉದ್ದವಾದೀತು, ಬೇಸರಿಸದೆ ಓದಿ.

ಮೊದಲು ಗೆಲಿಲಿಯೋನಿಂದ ಶುರು ಮಾಡೋಣ. 1609ರಲ್ಲಿ ಅವನು ತನ್ನ ದೂರದರ್ಶಕವನ್ನು ಆಕಾಶಕ್ಕೆ ತಿರುಗಿಸಿದ ಕತೆ ನಮ್ಮ ಮಕ್ಕಳಿಗೂ ಗೊತ್ತು. ಗೊತ್ತಿಲ್ಲದ ಸಂಗತಿ ಒಂದಿದೆ. ಅವನ ದೂರದರ್ಶಕದ ಕಣ್ಣಿನ ಕಡೆಯ ಮಸೂರ ತಗ್ಗು ಮಸೂರ, ಅಂದರೆ ನಿಮ್ನ ಮಸೂರ. ಬಿಂಬ ನೆಟ್ಟಗೆ ಕಾಣುತ್ತಿತ್ತು ನಿಜ, ಆದರೆ ಕಾಣುವ ಆಕಾಶದ ತುಂಡು ಎಷ್ಟು ಚಿಕ್ಕದೆಂದರೆ ಹುಣ್ಣಿಮೆಯ ಚಂದ್ರನೂ ಒಮ್ಮೆಗೇ ಪೂರ್ತಿ ಹಿಡಿಸುತ್ತಿರಲಿಲ್ಲ. ಬೀಗದ ಕಿಂಡಿಯಿಂದ ಮನೆಯೊಳಗೆ ನೋಡಿದ ಹಾಗೆ! 1610ರಲ್ಲಿ ಶನಿಯನ್ನು ನೋಡಿದಾಗ ಅವನಿಗೆ ಬಳೆ ಕಾಣಲಿಲ್ಲ, ಅಕ್ಕಪಕ್ಕ ಎರಡು ಉಂಡೆ ಅಂಟಿಕೊಂಡಂತೆ ಕಂಡಿತು. 1612ರಲ್ಲಿ ನೋಡಿದರೆ ಆ ಉಂಡೆಗಳೂ ಮಾಯ. ಬಳೆ ನಮ್ಮ ಕಡೆಗೆ ಅಂಚು ಮಾಡಿ ನಿಂತಿತ್ತು ಅನ್ನುವುದು ಆಗ ಯಾರಿಗೂ ತಿಳಿದಿರಲಿಲ್ಲ. ಇಂಥದೇ ಸ್ಥಿತಿ 2025ರ ಮಾರ್ಚ್‌ನಲ್ಲಿಯೂ ಬಂದಿತ್ತು. ಶನಿಗೆ ಬಳೆ ಇದೆ ಎಂದು ಬಿಡಿಸಿ ಹೇಳಿದವನು ಹಾಲೆಂಡಿನ ಹೈಗನ್ಸ್, 1659ರಲ್ಲಿ.

ಗೆಲಿಲಿಯೋನ ತಗ್ಗು ಮಸೂರದ ಬದಲು ಉಬ್ಬು ಮಸೂರ ಹಾಕಿದರೆ ಹೆಚ್ಚು ಆಕಾಶ ಕಾಣುತ್ತದೆ ಎಂದು 1611ರಲ್ಲಿಯೇ ಬರೆದವನು ಕೆಪ್ಲರ್. ಬಿಂಬ ತಲೆಕೆಳಗಾಗುತ್ತದೆ, ಆದರೆ ಆಕಾಶದಲ್ಲಿ ತಲೆ ಯಾವುದು ಕಾಲು ಯಾವುದು? ಆಮೇಲೆ ಅದೇ ಹೈಗನ್ಸ್ 1660ರ ದಶಕದಲ್ಲಿ ಒಂದರ ಬದಲು ಎರಡು ಮಸೂರ ಸೇರಿಸಿ ಐಪೀಸ್ ಮಾಡಿದ. ಇಂಗ್ಲೆಂಡಿನ ರಾಮ್ಸ್‌ಡನ್ 1780ರ ದಶಕದಲ್ಲಿ ಇನ್ನೊಂದು ಬಗೆ ಮಾಡಿದ. 1849ರಲ್ಲಿ ಜರ್ಮನಿಯ ಕೆಲ್ನರ್, 1860ರಲ್ಲಿ ವಿಯೆನ್ನಾದ ಪ್ಲಾಸಲ್, 1880ರಲ್ಲಿ ಆಬೆ... ಹೀಗೆ ಮುನ್ನೂರು ವರ್ಷ ಜಾಣರು ತಲೆ ಕೆಡಿಸಿಕೊಂಡದ್ದು ಹೆಬ್ಬೆರಳಿನಷ್ಟು ದೊಡ್ಡದಾದ ಈ ಸಾಮಾನಿನ ಮೇಲೆ. ಇಂದಿಗೂ ಅಂಗಡಿಯಲ್ಲಿ ಐಪೀಸ್ ಕೊಳ್ಳಲು ಹೋದರೆ ಅದರ ಮೈಮೇಲೆ ಪ್ಲಾಸಲ್, ಕೆಲ್ನರ್ ಅನ್ನುವ ಹೆಸರು ಇರುತ್ತದೆ. ಕೊಳವೆಯ ಕನ್ನಡಿ ಬೆಳಕು ಕೂಡಿಸುತ್ತದೆ, ಕೂಡಿಸಿದ್ದನ್ನು ಕಣ್ಣಿಗೆ ಉಣಿಸುವುದು ಐಪೀಸ್. ಅಡುಗೆ ಎಷ್ಟು ಚೆನ್ನಾಗಿದ್ದರೂ ಬಡಿಸುವ ಕೈ ಸರಿಯಿರಬೇಕಲ್ಲ?

ಇದೆಲ್ಲ ಯುರೋಪಿನ ಕತೆ ಆಯಿತು. ಈಗ ನಮ್ಮ ನೆಲಕ್ಕೆ ಬರೋಣ.

1868ರ ಆಗಸ್ಟ್ 18. ಆ ದಿನ ಖಗ್ರಾಸ ಸೂರ್ಯಗ್ರಹಣದ ನೆರಳು ಜಮಖಂಡಿ, ವಿಜಾಪುರದ ಸೀಮೆಯಿಂದ ಹಾದು ನಿಜಾಮರ ರಾಜ್ಯ ದಾಟಿ ಗುಂಟೂರು, ಮಚಲೀಪಟ್ಟಣದ ಕಡೆಗೆ ಹೋಯಿತು. ನೆರಳು ಐದು ನಿಮಿಷಕ್ಕೂ ಹೆಚ್ಚು ನಿಲ್ಲುವ ಅಪರೂಪದ ಗ್ರಹಣ ಅದು. ಜಮಖಂಡಿಗೆ ಬಂದು ಕುಳಿತವನು ಲೆಫ್ಟಿನೆಂಟ್ ಜಾನ್ ಹರ್ಷೆಲ್. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್‌ನ ಮೊಮ್ಮಗ. ಭಾರತದ ಭೂಮಾಪನ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದ ಎಂಜಿನಿಯರ್. ಲಂಡನ್ನಿನ ರಾಯಲ್ ಸೊಸೈಟಿ ಅವನಿಗೆ ದೂರದರ್ಶಕ ಕೊಟ್ಟು ಕಳಿಸಿತ್ತು.

ಆ ದೂರದರ್ಶಕದ ಮುಂದಿನ ಮಸೂರ ಎಷ್ಟು ದೊಡ್ಡದು ಅಂತೀರಿ? ಐದು ಇಂಚು! ನಾವು ಶಾಲೆಗೆ ತರಬೇಕೆಂದಿರುವಷ್ಟೇ. ಆದರೆ ಅದಕ್ಕೆ ಎರಡು ಜೊತೆ ಸಾಮಾನು ಇದ್ದವು. ಒಂದು, ಆಕಾಶ ತಿರುಗಿದ ಹಾಗೆ ತಾನೂ ತಿರುಗುವ ಗಡಿಯಾರದ ಸ್ಟ್ಯಾಂಡು. ಇನ್ನೊಂದು, ಐಪೀಸ್ ಕೂರುವ ಜಾಗದಲ್ಲಿ ಕೂರಿಸಿದ ರೋಹಿತದರ್ಶಕ, ಅಂದರೆ ಬೆಳಕನ್ನು ಕಾಮನಬಿಲ್ಲಿನ ಹಾಗೆ ಬಿಡಿಸಿ ತೋರಿಸುವ ಉಪಕರಣ.

ಶ್ರಾವಣದ ಹೊತ್ತು. ಮೋಡ. ಗ್ರಹಣ ಹಿಡಿಯಿತು, ಮೋಡ ಬಿಡಲೊಲ್ಲದು. ಆ ಮನುಷ್ಯನ ಹೊಟ್ಟೆಯಲ್ಲಿ ಏನಾಗಿರಬೇಕು! ಕೊನೆಗೆ ಮೋಡದ ನಡುವೆ ಒಂದು ಸಣ್ಣ ಬಿರುಕು ಬಿಟ್ಟಿತು. ಅಷ್ಟು ಹೊತ್ತೂ ಗಡಿಯಾರದ ಸ್ಟ್ಯಾಂಡು ಮೋಡದ ಹಿಂದಿನ ಸೂರ್ಯನ ಜೊತೆಗೇ ನಡೆಯುತ್ತಿತ್ತು. ಹೀಗಾಗಿ ಹುಡುಕಾಡಲು ಕ್ಷಣವೂ ಕಳೆಯಲಿಲ್ಲ. ಸೂರ್ಯನ ಅಂಚಿನ ಕೆಂಪು ಜ್ವಾಲೆಯನ್ನು ರೋಹಿತದರ್ಶಕದಲ್ಲಿ ನೋಡಿದ. ಮೂರು ಹೊಳೆಯುವ ಗೆರೆಗಳು ಕಂಡವು: ಕೆಂಪು, ಕಿತ್ತಳೆ, ನೀಲಿ. ಸೂರ್ಯನ ಜ್ವಾಲೆಗಳು ಉರಿಯುವ ಅನಿಲ ಎಂದು ಆ ದಿನ ಖಚಿತವಾಯಿತು. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಮತ್ತು ಇತರರೂ ಇಂಥ ಗೆರೆಗಳನ್ನೇ ಕಂಡರು. ಆ ಕಿತ್ತಳೆ ಗೆರೆ ಸೋಡಿಯಂನದು ಇರಬೇಕು ಎಂದು ಹಲವರು ಮೊದಲು ತಿಳಿದರು. ಅದಲ್ಲ, ಅದು ಭೂಮಿಯ ಮೇಲೆ ಆಗ ಯಾರಿಗೂ ಗೊತ್ತಿಲ್ಲದ ಹೀಲಿಯಂ ಎನ್ನುವುದು ಆಮೇಲೆ ತಿಳಿಯಿತು. ಭೂಮಿಯ ಮೇಲೆ ಹೀಲಿಯಂ ರಾಮ್ಸೆಯ ಕೈಗೆ ಸಿಕ್ಕದ್ದು 1895ರಲ್ಲಿ.

ವಿಜಾಪುರದಲ್ಲಿದ್ದ ಕ್ಯಾಪ್ಟನ್ ಹೇಗ್ ಎಂಬ ಅಧಿಕಾರಿಯ ಬಳಿ ಇದ್ದದ್ದು ಕೈಯಲ್ಲಿ ಹಿಡಿದು ನೋಡುವ ಸಣ್ಣ ರೋಹಿತದರ್ಶಕ. ಅದರಲ್ಲಿಯೂ ಹೊಳೆಯುವ ಗೆರೆಗಳು ಕಂಡವು! ಇದೇ ಗ್ರಹಣಕ್ಕೆ ಮದ್ರಾಸ್ ವೀಕ್ಷಣಾಲಯದಿಂದ ಒಂದು ತಂಡ ವನಪರ್ತಿಗೆ ಹೋಗಿತ್ತು. ಅದರ ಮುಂದಾಳು ಚಿಂತಾಮಣಿ ರಘುನಾಥಾಚಾರ್ಯರು, ಹೊಳಪು ಬದಲಿಸುವ ಒಂದು ಚುಕ್ಕಿಯನ್ನು 1867ರಲ್ಲಿ ಕಂಡುಹಿಡಿದವರು. 1874ರ ಡಿಸೆಂಬರ್ 9ರಂದು ಶುಕ್ರ ಸೂರ್ಯನ ಮುಂದೆ ಹಾದು ಹೋಗುವ ಮೊದಲು ಜನಸಾಮಾನ್ಯರಿಗಾಗಿ ಒಂದು ಪುಸ್ತಿಕೆ ಬರೆದರು, ಅದು ಕನ್ನಡದಲ್ಲಿಯೂ ಬಂತು. ನೂರೈವತ್ತು ವರ್ಷಗಳ ಹಿಂದೆ ಕನ್ನಡದಲ್ಲಿ ಇಂಥದು ಬಂದಿತ್ತು ಅಂದರೆ ನಮ್ಮ ಹುಡುಗರು ಕಣ್ಣರಳಿಸುತ್ತಾರೆ. "ಖರೇನ್ರೀ ಗುರುಗಳ?" ಅನ್ನುತ್ತಾರೆ. ಖರೇ.

ಎರಡನೆಯ ಕತೆ ಇನ್ನೂ ನಮ್ಮ ಹತ್ತಿರದ್ದು. ಸೋಲಾಪುರ ಜಿಲ್ಲೆಯ ಕರಮಾಳಾ ತಾಲೂಕಿನ ಜೇವೂರು ರೈಲು ನಿಲ್ದಾಣ ನಿಮ್ಮಲ್ಲಿ ಹಲವರಿಗೆ ಗೊತ್ತು, ಪುಣೆಗೆ ಹೋಗುವಾಗ ಸಿಗುತ್ತದೆ. 1898ರ ಜನವರಿ 22ರ ಖಗ್ರಾಸ ಗ್ರಹಣಕ್ಕೆ ಆ ಜೇವೂರಿಗೆ ಅಮೆರಿಕದಿಂದ ಲಿಕ್ ವೀಕ್ಷಣಾಲಯದ ಕ್ಯಾಂಪ್‌ಬೆಲ್ ಬಂದಿದ್ದ. ಪುಣೆಯ ಸೈನ್ಸ್ ಕಾಲೇಜಿನ ಪ್ರಾಧ್ಯಾಪಕ ಕಾವಸಜಿ ದಾದಾಭಾಯಿ ನಯಗಾಮವಾಲಾ ಅವರೂ ತಮ್ಮ ತಂಡದೊಂದಿಗೆ ಅಲ್ಲಿಯೇ ಡೇರೆ ಹಾಕಿದ್ದರು. ಭಾವನಗರದ ಮಹಾರಾಜರ ನೆರವಿನಿಂದ ಪುಣೆಯಲ್ಲಿ ವೀಕ್ಷಣಾಲಯ ಕಟ್ಟಿ ನಡೆಸುತ್ತಿದ್ದವರು ಅವರು. ಆ ಗ್ರಹಣದ ಬಗ್ಗೆ ಅವರು ಬರೆದ ವರದಿ ಪುಸ್ತಕವಾಗಿ ಬಂದಿದೆ. ಪ್ಲೇಗಿನ ಕಾಲ ಅದು. ಆ ಭಯದ ನಡುವೆ, ಎರಡು ನಿಮಿಷದ ಕತ್ತಲೆಗಾಗಿ, ಈ ಜನ ತಿಂಗಳುಗಟ್ಟಲೆ ಸಿದ್ಧತೆ ಮಾಡಿದರು.

ಕ್ಯಾಂಪ್‌ಬೆಲ್ ತಂದಿದ್ದ ಕ್ಯಾಮೆರಾದ ಉದ್ದ ನಲವತ್ತು ಅಡಿ. ಒಂದು ಮಾಳಿಗೆ ಮನೆಯ ಮೇಲೆ ಇನ್ನೊಂದು ಮನೆ ಇಟ್ಟರೂ ಅದಕ್ಕಿಂತ ಉದ್ದ! ಆದರೆ ಅದರ ಮುಂದಿನ ಮಸೂರ? ಮತ್ತದೇ ಐದು ಇಂಚು. ಕೊಳವೆ ನೆಲಕ್ಕೆ ಬಿಗಿದದ್ದು, ಅಲುಗಾಡುವುದಿಲ್ಲ. ಅಲುಗಾಡುವುದು ಕೊಳವೆಯ ಕೆಳ ತುದಿಯ ಫೋಟೋ ತಟ್ಟೆ. ಸೂರ್ಯನ ಬಿಂಬ ಸರಿದಂತೆ ತಟ್ಟೆಯೂ ಗಡಿಯಾರದ ಯಂತ್ರದಿಂದ ಹಳಿಯ ಮೇಲೆ ಸರಿಯುತ್ತಿತ್ತು. ನಾಲ್ಕು ಇಂಚಿಗೂ ದೊಡ್ಡದಾದ ಸೂರ್ಯನ ಬಿಂಬ, ಅದರ ಸುತ್ತ ಕಿರೀಟದ ಎಳೆಎಳೆಯೂ ಆ ತಟ್ಟೆಯ ಮೇಲೆ ಮೂಡುತ್ತಿತ್ತು.

ಜಮಖಂಡಿಯಲ್ಲಿ ಐದು ಇಂಚು, ಜೇವೂರಿನಲ್ಲಿ ಐದು ಇಂಚು. ಒಂದಕ್ಕೆ ರೋಹಿತದರ್ಶಕ ಜೋಡಿಸಿದರು, ಸೂರ್ಯ ಯಾವುದರಿಂದ ಆಗಿದ್ದಾನೆಂದು ಹೇಳಿತು. ಇನ್ನೊಂದಕ್ಕೆ ಸರಿಯುವ ತಟ್ಟೆ ಜೋಡಿಸಿದರು, ಸೂರ್ಯನ ಕಿರೀಟದ ಚಿತ್ರ ಬರೆಯಿತು. ಗಾಜು ಒಂದೇ ಅಳತೆ, ಕೆಲಸ ಬೇರೆ ಬೇರೆ. ಬೇರೆ ಮಾಡಿದ್ದು ಜೊತೆಯ ಸಾಮಾನು. ಗೌಡರೆ, ಕೇಳಿಸಿಕೊಳ್ಳುತ್ತಿದ್ದೀರಲ್ಲ?

ಮೂರನೆಯ ಕತೆ ಹೈದರಾಬಾದಿನದು. ನಮ್ಮ ಅಜ್ಜಂದಿರಿಗೆ ಹೈದರಾಬಾದೇ ರಾಜಧಾನಿ. 1948ರ ಸೆಪ್ಟೆಂಬರ್ 17ರವರೆಗೆ ನಮ್ಮ ಉಸ್ಮಾನಾಬಾದ್ ಜಿಲ್ಲೆ, ಇಂದಿನ ಧಾರಾಶಿವ, ನಿಜಾಮರ ರಾಜ್ಯದ್ದು. ಆಚೆಯ ಬೀದರ, ಕಲಬುರಗಿ, ರಾಯಚೂರೂ ಅದೇ ರಾಜ್ಯದವು. ಹೀಗಾಗಿ ಇದು ನಮ್ಮ ಮನೆಯ ಕತೆಯೇ.

ನವಾಬ ಜಫರ್ ಜಂಗ್ ಎಂಬ ಸಿರಿವಂತರು ಅಲ್ಲಿದ್ದರು. ಆಕಾಶ ನೋಡುವ ಹುಚ್ಚು. ಕೆಲಸಕ್ಕಾಗಿ ಅಲ್ಲ, ಬರೀ ಪ್ರೀತಿಗಾಗಿ. ಅಂದರೆ ನಮ್ಮ ಹಾಗೆ ಹವ್ಯಾಸಿ, ಹಣವೊಂದು ಬಿಟ್ಟು. ಗ್ರಬ್ ಕಂಪನಿಯ ಹದಿನೈದು ಇಂಚಿನ ದೊಡ್ಡ ದೂರದರ್ಶಕ ತರಿಸಿದರು. 1901ರಲ್ಲಿ ಹೈದರಾಬಾದಿನ ಫಿಸಲಬಂಡಾದ ತಮ್ಮ ಜಾಗದಲ್ಲಿ ವೀಕ್ಷಣಾಲಯ ಶುರು ಮಾಡಿ ಅದಕ್ಕೆ ನಿಜಾಮಿಯಾ ಎಂದು ಹೆಸರಿಡಲು ಅನುಮತಿ ಪಡೆದರು. ತಮ್ಮ ನಂತರ ಸರ್ಕಾರವೇ ಇದನ್ನು ನಡೆಸಬೇಕೆಂದು ಕೇಳಿಕೊಂಡರು. ಅವರ ಬಳಿ ಕುಕ್ ಕಂಪನಿಯ ಎಂಟು ಇಂಚಿನ ಆಸ್ಟ್ರೋಗ್ರಾಫ್ ಕೂಡ ಇತ್ತು, ಅಂದರೆ ಆಕಾಶದ ಫೋಟೋ ತೆಗೆಯುವ ದೂರದರ್ಶಕ. 1907ರಲ್ಲಿ ನವಾಬರು ತೀರಿಕೊಂಡರು. 1908ರಲ್ಲಿ ಸರ್ಕಾರ ವೀಕ್ಷಣಾಲಯವನ್ನು ವಹಿಸಿಕೊಂಡಿತು. ಚಾಟ್‌ವುಡ್ ಎಂಬುವನು ಮೊದಲ ನಿರ್ದೇಶಕನಾಗಿ ಬಂದು ಅದನ್ನು ಬೇಗಂಪೇಟೆಗೆ ಸಾಗಿಸಿದ.

ಈಗ ಹೇಳಿ, ಆ ಎರಡರಲ್ಲಿ ಹೆಸರು ತಂದದ್ದು ಯಾವುದು? ಹದಿನೈದು ಇಂಚಿನದಲ್ಲ. ಎಂಟು ಇಂಚಿನದು! 1887ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ಖಗೋಳಜ್ಞರು ಇಡೀ ಆಕಾಶವನ್ನು ತುಂಡು ತುಂಡಾಗಿ ಹಂಚಿಕೊಂಡು ಫೋಟೋ ತೆಗೆದು ಚುಕ್ಕಿಗಳ ಪಟ್ಟಿ ಮಾಡಬೇಕೆಂದು ನಿರ್ಧರಿಸಿದ್ದರು. ದಕ್ಷಿಣ ಆಕಾಶದ 17ರಿಂದ 23 ಡಿಗ್ರಿಯ ಪಟ್ಟಿ ಚಿಲಿ ದೇಶದ ಸ್ಯಾಂಟಿಯಾಗೋ ಪಾಲಿಗೆ ಬಂದಿತ್ತು, ಅವರಿಂದ ಆಗಲಿಲ್ಲ. ಅದನ್ನು ಹೈದರಾಬಾದು ಮಾಡಿ ಮುಗಿಸಿತು. ಆಮೇಲೆ ಉತ್ತರದ 36ರಿಂದ 39 ಡಿಗ್ರಿಯ, ಜರ್ಮನಿಯ ಪಾಟ್ಸ್‌ಡ್ಯಾಮ್ ಪಾಲಿನ ಕೆಲಸವನ್ನೂ ಕೈಗೆತ್ತಿಕೊಂಡಿತು. ಹೀಗೆ ಲಕ್ಷಾಂತರ ಚುಕ್ಕಿಗಳ ಜಾಗ ಗುರುತಿಸಿದವರು ನಮ್ಮ ಹಳೆಯ ರಾಜಧಾನಿಯ ಜನ. ಪೋಕಾಕ್ ನಿರ್ದೇಶಕನಾಗಿದ್ದ, ಅವನ ನಂತರ 1918ರಿಂದ ಟಿ. ಪಿ. ಭಾಸ್ಕರನ್ ನಡೆಸಿದರು. ಆ ಎಂಟು ಇಂಚಿನ ದೂರದರ್ಶಕಕ್ಕೆ ಬೇಕಾದ ತಟ್ಟೆ, ಅಳೆಯುವ ಯಂತ್ರ, ಅಳೆಯುವ ಮಂದಿ, ದಿನದಿನದ ಲೆಕ್ಕದ ಪುಸ್ತಕ ಎಲ್ಲ ಜೊತೆಗಿದ್ದವು.

ಹದಿನೈದು ಇಂಚಿನ ಗ್ರಬ್ ಏನಾಯಿತು? ಅದನ್ನು ನಿಲ್ಲಿಸಿ ಕೆಲಸಕ್ಕೆ ಹಚ್ಚಿದ್ದು 1922ರಲ್ಲಿ, ಭಾಸ್ಕರನ್ ಕಾಲದಲ್ಲಿ. ಕೊಂಡವರು ತೀರಿಹೋಗಿ ಹದಿನೈದು ವರ್ಷ ಆಗಿತ್ತು. ಸರಿಯಾಗಿ ಕುಳಿತ ಮೇಲೆ ಅದೂ ಒಳ್ಳೆಯ ಕೆಲಸ ಮಾಡಿತು, ಹೊಳಪು ಬದಲಿಸುವ ಚುಕ್ಕಿಗಳನ್ನು ಬಹಳ ವರ್ಷ ನೋಡಿತು. ಆದರೆ ಆ ನವಾಬರನ್ನು ನೆನೆದಾಗ ನನಗೆ ಪ್ರತಿಸಲ ಹೊಟ್ಟೆ ಚುರ್ರೆನ್ನುತ್ತದೆ. ದೊಡ್ಡ ದುರ್ಬೀನು ಕೊಂಡರೆ ಸಾಲದು. ಕಂಬ, ಗುಮ್ಮಟ, ಸ್ಟ್ಯಾಂಡು, ನೋಡುವ ಮನುಷ್ಯ ಎಲ್ಲ ಬೇಕು. ಒಂದಿಲ್ಲದಿದ್ದರೆ ಹದಿನೈದು ಇಂಚೂ ಒಂದೇ, ಹದಿನೈದು ಇಂಚಿನ ಕೊಳಾಯಿಯೂ ಒಂದೇ.

ಇನ್ನು ನನ್ನದೇ ಒಂದು ಕತೆ ಇದೆ. ಹೇಳಲು ನಾಚಿಕೆ, ಆದರೂ ಹೇಳಬೇಕು.

1980ರ ಫೆಬ್ರುವರಿ 16ರಂದು ಕಾರವಾರ, ಹುಬ್ಬಳ್ಳಿ, ಗದಗ, ರಾಯಚೂರು ಸೀಮೆಯಲ್ಲಿ ಖಗ್ರಾಸ ಗ್ರಹಣವಾಯಿತು. ನಮ್ಮ ಊರಲ್ಲಿ ಪೂರ್ತಿ ಅಲ್ಲ, ಬಹುಪಾಲು. ನಾನಾಗ ಸಣ್ಣ ಹುಡುಗ. ಮಧ್ಯಾಹ್ನ ಮನೆಯವರು ನಮ್ಮನ್ನೆಲ್ಲ ಒಳಗೆ ಕೂಡಿಹಾಕಿ ಬಾಗಿಲು, ಕಿಟಕಿ ಮುಚ್ಚಿದರು. ಅಂಗಳದಲ್ಲಿ ಬೆಳಕು ಬಣ್ಣಗೆಟ್ಟದ್ದು ಬಾಗಿಲ ಸಂದಿಯಿಂದ ಕಂಡದ್ದು ಅಷ್ಟೆ. ಆ ಸಿಟ್ಟು ಬಹಳ ವರ್ಷ ಉಳಿಯಿತು. ನಾನು ಮಾಸ್ತರನಾದರೆ ಮಕ್ಕಳಿಗೆ ಸೂರ್ಯನನ್ನು ತೋರಿಸಿಯೇ ತೀರುತ್ತೇನೆ ಅಂದುಕೊಂಡಿದ್ದೆ.

ಮಾಸ್ತರನಾದೆ. ಸುಮಾರು ಇಪ್ಪತ್ತು ವರ್ಷದ ಹಿಂದೆ ಪೇಟೆಯ ಒಂದು ಅಂಗಡಿಯಿಂದ ಸ್ವಂತ ಹಣದಲ್ಲಿ ಒಂದು ದುರ್ಬೀನು ತಂದೆ. ಮುಂದಿನ ಮಸೂರ 60 ಮಿಲಿಮೀಟರು, ನಾಭಿದೂರ 700 ಮಿಲಿಮೀಟರು. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ "525 ಪಟ್ಟು" ಅಂತ ಬರೆದಿತ್ತು. ಆ ಅಂಕಿಗೇ ನಾನು ಮರುಳಾದೆ. ಲೆಕ್ಕ ಸುಳ್ಳಲ್ಲ. ಮುಂದಿನ ಮಸೂರದ ನಾಭಿದೂರವನ್ನು ಐಪೀಸಿನ ನಾಭಿದೂರದಿಂದ ಭಾಗಿಸಿದರೆ ಎಷ್ಟು ಪಟ್ಟು ಎಂಬುದು ಸಿಗುತ್ತದೆ. 700ನ್ನು 4ರಿಂದ ಭಾಗಿಸಿದರೆ 175, ಮೂರು ಪಟ್ಟಿನ ಬಾರ್ಲೋ ಮಸೂರ ಹಾಕಿದರೆ 525. ಆದರೆ ಮುಂದಿನ ಗಾಜು ಕೂಡಿಸುವ ಬೆಳಕು ಅಷ್ಟೇ ಇರುವಾಗ ಬಿಂಬವನ್ನು ಎಷ್ಟು ಹಿಗ್ಗಿಸುತ್ತೀರಿ? ಒಂದು ಚಮಚ ಹಿಟ್ಟಿನಲ್ಲಿ ಪರಾತದಷ್ಟು ರೊಟ್ಟಿ ಬಡಿದ ಹಾಗೆ. ಒಂದು ಮಿಲಿಮೀಟರಿಗೆ ಎರಡು ಪಟ್ಟು, ಇದು ಅನುಭವಿಗಳ ಅಳತೆ. 60 ಮಿಲಿಮೀಟರಿಗೆ 120 ಪಟ್ಟು, ಮುಗಿಯಿತು. ಅದರ ಮೇಲೆ ಕಂಡದ್ದೆಲ್ಲ ಮಬ್ಬು. ಸ್ಟ್ಯಾಂಡು ಬೇರೆ ಕಬ್ಬಿನ ಗಣಿಕೆಯ ಹಾಗೆ ಅಲುಗಾಡುತ್ತಿತ್ತು. ಮಕ್ಕಳು ಸಾಲಿನಲ್ಲಿ ನಿಂತು ನೋಡಿ, "ಗುರುಗಳ, ಏನೂ ಕಾಣವಲ್ದರಿ" ಅನ್ನುತ್ತಿದ್ದರು. ಕೆಲವರು ಪಾಪ, ನನಗೆ ಬೇಜಾರಾಗಬಾರದೆಂದು, "ಹೌದ್ರಿ ಕಾಣ್ತು" ಅನ್ನುತ್ತಿದ್ದರು. ಅದು ಇನ್ನೂ ಕೆಟ್ಟದ್ದು.

ಅದರ ಜೊತೆ ಒಂದು ಪುಟ್ಟ ಕಪ್ಪು ಗಾಜು ಬಂದಿತ್ತು, ಐಪೀಸಿಗೆ ತಿರುಪಿ ಹಾಕುವಂಥದ್ದು. ಸೂರ್ಯನನ್ನು ನೋಡಲಿಕ್ಕೆ! ಒಂದು ಬೆಳಗ್ಗೆ ಅದನ್ನು ಹಾಕಿ ಮಕ್ಕಳಿಗೆ ಸೂರ್ಯನ ಕಲೆ ತೋರಿಸಲು ನಿಂತೆ. ಏಳೆಂಟು ಮಂದಿ ನೋಡಿದರು. ಒಬ್ಬ ಹುಡುಗಿ ನೋಡಿ ಕಣ್ಣು ತೆಗೆದಳು, ಮುಂದಿನವನು ಬಗ್ಗುವಷ್ಟರಲ್ಲಿ ಟಿಕ್ ಅಂತ ಸದ್ದಾಯಿತು. ಬಿಚ್ಚಿ ನೋಡಿದರೆ ಕಪ್ಪು ಗಾಜು ಅಡ್ಡಡ್ಡ ಸೀಳಿತ್ತು. ಕೂಡಿಸಿದ ಬಿಸಿಲು ನೆಟ್ಟಗೆ ಆ ಗಾಜಿನ ಮೇಲೆಯೇ ಬೀಳುತ್ತದೆ, ಕಾಯುತ್ತದೆ, ಒಡೆಯುತ್ತದೆ. ಒಡೆದ ಕ್ಷಣದಲ್ಲಿ ಅಲ್ಲೊಂದು ಕಣ್ಣಿದ್ದಿದ್ದರೆ? ಕೈಕಾಲು ತಣ್ಣಗಾದವು. ಅಂದು ರಾತ್ರಿ ನಿದ್ದೆ ಬರಲಿಲ್ಲ. 1980ರಲ್ಲಿ ಬಾಗಿಲು ಮುಚ್ಚಿದ ನಮ್ಮ ಮನೆಯವರಿಗೆ ಭಯವಾದರೂ ಇತ್ತು. ನನಗೆ ಭಯವೂ ಇರಲಿಲ್ಲ, ತಿಳಿವಳಿಕೆಯೂ ಇರಲಿಲ್ಲ. ಆ ದುರ್ಬೀನು ಇಂದಿಗೂ ಕಪಾಟಿನ ಮೇಲಿದೆ, ಕಪ್ಪು ಗಾಜನ್ನು ಅವತ್ತೇ ಕಲ್ಲಿನಿಂದ ಜಜ್ಜಿ ಎಸೆದೆ.

ಗೌಡರೆ, ಹೀಗಾಗಿ ನಾನು ಸಾಮಾನಿಗೆ ಹಣ ಬೇಕೆಂದದ್ದು. ಏನೇನು ಅಂತ ಒಂದೊಂದಾಗಿ ಹೇಳುತ್ತೇನೆ. ಬೇರೆ ಶಾಲೆಯವರಿಗೂ, ಮನೆಗೆ ದುರ್ಬೀನು ತರುವವರಿಗೂ ಉಪಯೋಗವಾದೀತು.

ಮೊದಲನೆಯದು ಸೂರ್ಯನ ಜಾಲರಿ, ಅಂದರೆ ಫಿಲ್ಟರು. ಇದು ಕೊಳವೆಯ ಮುಂಬಾಯಿಗೆ ಪೂರ್ತಿ ಮುಚ್ಚುವಂಥದ್ದೇ ಆಗಬೇಕು. ಬಿಸಿಲು ಒಳಗೆ ಹೋಗುವ ಮೊದಲೇ ಲಕ್ಷದಲ್ಲಿ ಒಂದು ಪಾಲು ಮಾತ್ರ ಬಿಡುವಂಥದ್ದು. ಗಾಳಿಗೆ ಹಾರದಂತೆ ಬಿಗಿಯಾಗಿ ಕೂರಬೇಕು. ಪ್ರತಿಸಲ ಹಾಕುವ ಮೊದಲು ಬಿಸಿಲಿಗೆ ಹಿಡಿದು ತೂತು, ಗೀರು ಇದೆಯೇ ನೋಡಬೇಕು. ಪಕ್ಕದ ಸಣ್ಣ ಫೈಂಡರಿನ ಬಾಯಿಯನ್ನೂ ಮುಚ್ಚಬೇಕು, ಅದೂ ಕಣ್ಣು ಸುಡುತ್ತದೆ. ಐಪೀಸಿಗೆ ಹಾಕುವ ಕಪ್ಪು ಗಾಜು ಯಾರಾದರೂ ಪುಕ್ಕಟೆ ಕೊಟ್ಟರೂ ಮನೆಗೆ ತರಬೇಡಿ. 2027ರ ಆಗಸ್ಟ್ 2ರ ಸಂಜೆ ಪಶ್ಚಿಮ ಭಾರತದಲ್ಲಿ ಪಾರ್ಶ್ವ ಗ್ರಹಣ ಕಾಣಲಿದೆ. ಜಮಖಂಡಿಯ ಹಾಗೆ ಅದೂ ಮಳೆಗಾಲದಲ್ಲಿಯೇ. ಮೋಡ ಬಿರುಕು ಬಿಟ್ಟರೆ ನಮ್ಮ ಮಕ್ಕಳು ಸುರಕ್ಷಿತವಾಗಿ ನೋಡಬೇಕು.

ಎರಡನೆಯದು ಸ್ಟ್ಯಾಂಡು. ಗಡಿಯಾರದ ಸ್ಟ್ಯಾಂಡಿಗೆ ನಮ್ಮಲ್ಲಿ ಹಣವಿಲ್ಲ. ಚಿಂತೆಯಿಲ್ಲ, ಜಾನ್ ಡಾಬ್ಸನ್ ಇದ್ದಾನೆ. ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯ ಮಠದಲ್ಲಿ, ನಮ್ಮ ರಾಮಕೃಷ್ಣ ಪರಂಪರೆಯಲ್ಲಿಯೇ, 1944ರಿಂದ 1967ರವರೆಗೆ ಇದ್ದ ಸಾಧಕ. ಅಲ್ಲಿದ್ದಾಗಲೇ ಗುಜರಿ ಗಾಜು ಉಜ್ಜಿ ಕನ್ನಡಿ ಮಾಡಿ, ಮರದ ಪೆಟ್ಟಿಗೆಯಲ್ಲಿ ಕೊಳವೆ ಕೂರಿಸಿ, ಬೀದಿಯ ಜನರಿಗೆ ಆಕಾಶ ತೋರಿಸುತ್ತಿದ್ದ. ಮಠ ಬಿಟ್ಟ ಮೇಲೆ 1968ರಲ್ಲಿ ಗೆಳೆಯರೊಡನೆ ಪಾದಚಾರಿ ಖಗೋಳಜ್ಞರ ಗುಂಪನ್ನೇ ಕಟ್ಟಿದ. 2014ರಲ್ಲಿ ತೀರಿಕೊಂಡ. ಅವನ ಪೆಟ್ಟಿಗೆಯ ಸ್ಟ್ಯಾಂಡನ್ನು ಇಂದು ಜಗತ್ತೆಲ್ಲ ಬಳಸುತ್ತದೆ. ಬೆರಳಲ್ಲಿ ನೂಕಿದರೆ ಬೆಣ್ಣೆಯ ಹಾಗೆ ಸರಿಯುತ್ತದೆ, ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ನಮ್ಮ ಊರಿನ ಬಡಿಗರೂ ಮಾಡಿಕೊಡಬಲ್ಲರು. 130 ಪಟ್ಟಿನಲ್ಲಿ ನೋಡುವಾಗ ಶನಿ ಐಪೀಸಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಓಡಿಹೋಗಲು ಸುಮಾರು ಒಂದೂವರೆ ನಿಮಿಷ ಸಾಕು. ನಲವತ್ತು ಮಕ್ಕಳ ಸಾಲು ನಿಂತಿರುವಾಗ ಸ್ಟ್ಯಾಂಡು ಸರಾಗ ಸರಿಯದಿದ್ದರೆ ಮಾಸ್ತರ ಕೆಟ್ಟ!

ಮೂರನೆಯದು ಐಪೀಸ್. ನಾವು ನೋಡಿರುವ ದುರ್ಬೀನಿನ ಕನ್ನಡಿ 130 ಮಿಲಿಮೀಟರು, ನಾಭಿದೂರ 650. ಅದರ ಜೊತೆ 25 ಮತ್ತು 10 ಮಿಲಿಮೀಟರಿನ ಎರಡು ಐಪೀಸ್ ಬರುತ್ತವೆ, ಅಂದರೆ 26 ಪಟ್ಟು ಮತ್ತು 65 ಪಟ್ಟು. 15 ಮಿಲಿಮೀಟರಿನ ಒಂದು ಒಳ್ಳೆಯ ಪ್ಲಾಸಲ್ ಮತ್ತು ಎರಡು ಪಟ್ಟಿನ ಒಂದು ಬಾರ್ಲೋ ಕೊಳ್ಳೋಣ ಅಂತ ನನ್ನ ಮಾತು. ಬಾರ್ಲೋ ಅಂದರೆ ಇಂಗ್ಲೆಂಡಿನ ಗಣಿತಜ್ಞ ಪೀಟರ್ ಬಾರ್ಲೋ 1830ರ ದಶಕದಲ್ಲಿ ಯೋಚಿಸಿದ ತಗ್ಗು ಮಸೂರ. ಐಪೀಸಿನ ಮುಂದೆ ಹಾಕಿದರೆ ಬಿಂಬ ಎರಡರಷ್ಟಾಗುತ್ತದೆ. ನೋಡಿ, ಕೆಪ್ಲರ್ ಕೈಬಿಟ್ಟ ತಗ್ಗು ಮಸೂರ ಇನ್ನೊಂದು ಬಾಗಿಲಿನಿಂದ ಒಳಗೆ ಬಂತು! ಈಗ ಮೂರು ಐಪೀಸ್, ಒಂದು ಬಾರ್ಲೋ ಸೇರಿ 26, 43, 52, 65, 87, 130 ಹೀಗೆ ಆರು ಬಗೆ. ನಾಲ್ಕು ಸಾಮಾನಿನಲ್ಲಿ ಆರು ಕೆಲಸ. 20 ಮತ್ತು 10ರ ಜೋಡಿ ಇರುವವರು ಎಚ್ಚರ, ಅವರಿಗೆ ಬಾರ್ಲೋ ಹಾಕಿದ 20 ಮತ್ತೆ 10ರ ಕೆಲಸವನ್ನೇ ಮಾಡುತ್ತದೆ. ಇನ್ನೊಂದು ಮಾತು. ಸಣ್ಣ ನಾಭಿದೂರದ ಪ್ಲಾಸಲ್‌ಗೆ ಕಣ್ಣನ್ನು ತೀರ ಹತ್ತಿರ ಒತ್ತಬೇಕು, ಕನ್ನಡಕ ಹಾಕುವ ಮಕ್ಕಳಿಗೆ ಕಷ್ಟ. 15ಕ್ಕೆ ಬಾರ್ಲೋ ಹಾಕಿದರೆ ಆ ತೊಂದರೆ ಕಡಿಮೆ. 26 ಪಟ್ಟಿನಲ್ಲಿ ಕೃತ್ತಿಕೆಯ ಗೊಂಚಲು ಇಡಿಯಾಗಿ ಕಾಣುತ್ತದೆ. ಕಡಿಮೆ ಪಟ್ಟು ಕೀಳಲ್ಲ, ಮಕ್ಕಳ ಬಾಯಲ್ಲಿ "ಅಬ್ಬಾ" ಬರುವುದು ಹೆಚ್ಚಾಗಿ ಅಲ್ಲಿಯೇ. ಹಳೆಯ ದುರ್ಬೀನಿದ್ದವರು ಐಪೀಸಿನ ಕೊರಳ ಅಳತೆ ನೋಡಿಕೊಳ್ಳಿ. ಈಗ ಸಿಗುವುದು ಒಂದೂಕಾಲು ಇಂಚಿನದು, ಹಳೆಯ ಅಗ್ಗದವುಗಳ ಕೊರಳು ಅದಕ್ಕಿಂತ ಸಣ್ಣದು, ಒಂದಕ್ಕೊಂದು ಕೂರುವುದಿಲ್ಲ.

ಉಳಿದವು ಸಣ್ಣಪುಟ್ಟವು. ಗುರಿ ಹಿಡಿಯಲು ಕೆಂಪು ಚುಕ್ಕೆಯ ಫೈಂಡರು. ಇದನ್ನು ಹಗಲಿನಲ್ಲಿಯೇ ದೂರದ ಕಂಬದ ತುದಿಗೆ ಹಿಡಿದು ಹೊಂದಿಸಿಕೊಳ್ಳಬೇಕು. ಕೆಂಪು ಕಾಗದ ಕಟ್ಟಿದ ಬ್ಯಾಟರಿ, ಕತ್ತಲೆಗೆ ಹೊಂದಿದ ಕಣ್ಣು ಕೆಡದಿರಲೆಂದು. ಕನ್ನಡದ ನಕ್ಷತ್ರ ನಕ್ಷೆ. ಜಿ. ಟಿ. ನಾರಾಯಣರಾಯರ ನಕ್ಷತ್ರ ವೀಕ್ಷಣೆಯ ಪುಸ್ತಕ ಸಿಕ್ಕರೆ ಬಿಡಬೇಡಿ. ಎರೆಹೊಲದ ಧೂಳು ತಡೆಯಲು ಕೊಳವೆಗೊಂದು ಗೌಸು. ಮುಖ್ಯವಾಗಿ ಒಂದು ನೋಟುಬುಕ್ಕು. ಯಾರು, ಯಾವಾಗ, ಏನು ನೋಡಿದರು ಅಂತ ಮಕ್ಕಳೇ ಬರೆಯಬೇಕು. ಹೈದರಾಬಾದಿನ ಎಂಟು ಇಂಚು ಗೆದ್ದದ್ದು ಬರೆದಿಟ್ಟದ್ದರಿಂದ.

ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಮೊನ್ನೆ ಭಾನುವಾರ ಗೌಡರ ಮನೆಗೇ ಹೋದೆ. ಜಮಖಂಡಿ, ಜೇವೂರು, ಹೈದರಾಬಾದು ಮೂರೂ ಕತೆ ಹೇಳಿದೆ. ಕಪ್ಪು ಗಾಜಿನ ಕತೆಯನ್ನೂ ಬಿಡಲಿಲ್ಲ. ಅದನ್ನು ಕೇಳುವಾಗ ಅವರ ಮುಖ ಗಂಭೀರವಾಯಿತು. ಅವರ ಮೊಮ್ಮಗಳು ಈಗ ನಮ್ಮಲ್ಲಿ ಐದನೆಯ ತರಗತಿ. ಅವಳು ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದಳು.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಮಿ ನಡುಗಿ ಕಿಲ್ಲಾರಿ, ನಮ್ಮ ಸಾಸ್ತೂರು ಮಣ್ಣಾದ ಮೇಲೆ ತಿಂಗಳುಗಟ್ಟಲೆ ಈ ಸೀಮೆಯ ಜನ ಮನೆಯೊಳಗೆ ಮಲಗಲಿಲ್ಲ. ಗೌಡರು ಅದನ್ನೇ ನೆನಪು ಮಾಡಿದರು. "ಆವಾಗ ರಾತ್ರಿಯೆಲ್ಲ ನಿದ್ದಿ ಬರತಿದ್ದಿಲ್ರಿ. ಬರೇ ಚುಕ್ಕಿ ನೋಡಕೋತ ಬಿದ್ದಿರತಿದ್ವಿ. ಅವು ಏನು, ಎತ್ತ, ಯಾರ ಹೇಳಾವ್ರ ಇದ್ದರು?" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನನ್ನ ಹಾಳೆಯನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಹೇಳಿದರು:

"ಆತು ಗುರುಗಳ. ನೊಗಾ ಇಲ್ಲದ ಎತ್ತು ತಗೊಂಡು ಏನ ಮಾಡೂದು? ಸಣ್ಣ ಎತ್ತ ಇರಲಿ, ನೊಗಾ ಗಟ್ಟಿ ತರ್ರಿ. ಆ ಸೂರ್ಯಾನ ಜಾಲರಿ ರೊಕ್ಕ ನಾ ಕೊಡ್ತೀನಿ."

ಮುಂದಿನ ಅಮಾವಾಸ್ಯೆಯ ಹೊತ್ತಿಗೆ ದುರ್ಬೀನು ಬರಬಹುದು. ಬಂದ ಮೇಲೆ ಮೊದಲು ನೋಡುವವರು ಯಾರೆಂದು ಮಕ್ಕಳಲ್ಲಿ ಈಗಲೇ ಜಗಳ ಶುರುವಾಗಿದೆ. ಆ ಜಗಳಕ್ಕೆ ನನ್ನ ಬಳಿ ಉತ್ತರವಿಲ್ಲ.